ರೈಲು ಸಿಕ್ಕಿದ್ದರೆ, ರೈಲು ತಪ್ಪಿದ್ದರೆ: ಕವಲೊಡೆಯುವ ಬದುಕಿನ ಚಿತ್ರಗಳಲ್ಲಿ ನಿಜಕ್ಕೂ ಬದಲಾಗುವುದು ಏನು?

ಪ್ರಶ್ನೆ ಕೇಳಿದವರು: ಇಂದ್ರಾಳಿ ಪ್ರಯಾಣಿಕ, ಉಡುಪಿ

ಮಣಿಪಾಲದಲ್ಲಿ ನಾವು ಕೆಲವರು ಸೇರಿ ತಿಂಗಳಿಗೊಂದು ಚಿತ್ರ ನೋಡಿ ಅದರ ಬಗ್ಗೆ ಮಾತನಾಡುವ ಪದ್ಧತಿಯನ್ನು ಇಟ್ಟುಕೊಂಡಿದ್ದೇವೆ. ಈ ಮಳೆಗಾಲದ ಕಂತಿಗೆ, ಒಂದು ಸಣ್ಣ ಆಕಸ್ಮಿಕದಿಂದ ಒಬ್ಬನೇ ಮನುಷ್ಯನ ಬದುಕು ಎರಡಾಗಿ ಅಥವಾ ಮೂರಾಗಿ ಕವಲೊಡೆಯುವುದನ್ನು ತೋರಿಸುವ ಚಿತ್ರಗಳನ್ನು ಆರಿಸಿ, ಅವುಗಳ ಕುರಿತು ಪೀಠಿಕೆಯ ಮಾತು ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದಕ್ಕಾಗಿ ಎರಡು ಚಿತ್ರಗಳನ್ನು ಹತ್ತಿರಹತ್ತಿರದಲ್ಲೇ ನೋಡಿದೆ. ಪೀಟರ್ ಹೋವಿಟ್ 1998ರಲ್ಲಿ ಮಾಡಿದ ‘ಸ್ಲೈಡಿಂಗ್ ಡೋರ್ಸ್’ ಒಂದು, ಪೋಲೆಂಡಿನ ಕ್ಷಿಷ್ತೋಫ್ ಕೀಸ್ಲೋವ್ಸ್ಕಿ 1981ರಲ್ಲಿ ಮಾಡಿದ ‘ಬ್ಲೈಂಡ್ ಚಾನ್ಸ್’ ಇನ್ನೊಂದು.

ಮೇಲ್ನೋಟಕ್ಕೆ ಎರಡರ ಹೂರಣವೂ ಒಂದೇ. ಮೊದಲನೆಯದರಲ್ಲಿ ಲಂಡನ್ನಿನ ಹೆಲೆನ್ ಎಂಬಾಕೆ ಬೆಳಿಗ್ಗೆ ಕೆಲಸ ಕಳೆದುಕೊಂಡು ಮನೆಗೆ ಮರಳುವಾಗ, ನೆಲದಡಿಯ ರೈಲು ನಿಲ್ದಾಣದ ಮೆಟ್ಟಿಲಿನಲ್ಲಿ ಒಂದು ಮಗು ಅಡ್ಡ ಬಂದುದರಿಂದ ರೈಲು ತಪ್ಪುತ್ತದೆ. ಮತ್ತೊಂದು ಕವಲಿನಲ್ಲಿ ಆ ಮಗುವನ್ನು ತಾಯಿ ಪಕ್ಕಕ್ಕೆ ಎಳೆದುಕೊಂಡದ್ದರಿಂದ ರೈಲು ಸಿಗುತ್ತದೆ. ರೈಲು ಸಿಕ್ಕವಳು ಬೇಗನೆ ಮನೆ ಸೇರಿ, ತನ್ನ ಗೆಳೆಯ ಇನ್ನೊಬ್ಬಳೊಂದಿಗೆ ಇರುವುದನ್ನು ಕಣ್ಣಾರೆ ಕಾಣುತ್ತಾಳೆ. ತಪ್ಪಿಸಿಕೊಂಡವಳು ತಡವಾಗಿ ಬಂದು, ಏನೂ ತಿಳಿಯದೆ ಅದೇ ಸಂಸಾರವನ್ನು ಮುಂದುವರಿಸುತ್ತಾಳೆ. ಎರಡನೆಯ ಚಿತ್ರದಲ್ಲಿ ವಿತೆಕ್ ಎಂಬ ವೈದ್ಯಕೀಯ ವಿದ್ಯಾರ್ಥಿ ವಾರ್ಸಾದ ರೈಲನ್ನು ಹಿಡಿಯಲು ಓಡುತ್ತಾನೆ. ರೈಲು ಸಿಕ್ಕರೆ ಕಮ್ಯುನಿಸ್ಟ್ ಪಕ್ಷ ಸೇರುತ್ತಾನೆ. ಕಾವಲುಗಾರನಿಗೆ ಡಿಕ್ಕಿ ಹೊಡೆದು ಬಂಧನಕ್ಕೊಳಗಾದರೆ ಸರಕಾರದ ವಿರೋಧಿಗಳ ಗುಂಪಿಗೆ ಸೇರಿ, ದೀಕ್ಷಾಸ್ನಾನ ಪಡೆದು ಕ್ರೈಸ್ತನೂ ಆಗುತ್ತಾನೆ. ಸುಮ್ಮನೆ ರೈಲು ತಪ್ಪಿಸಿಕೊಂಡರೆ ಸಹಪಾಠಿಯೊಬ್ಬಳನ್ನು ಮದುವೆಯಾಗಿ, ಯಾವ ಪಕ್ಷಕ್ಕೂ ಸೇರದ ಒಳ್ಳೆಯ ವೈದ್ಯನಾಗುತ್ತಾನೆ.

ಹೆಲೆನ್ನಳ ಕತೆ ಮುಗಿದಾಗ ಅಚ್ಚುಕಟ್ಟಾದ ಒಂದು ಕತೆಯನ್ನು ಕೇಳಿದ ತೃಪ್ತಿ ನನಗಿತ್ತು. ವಿತೆಕ್‌ನ ಕತೆ ಮುಗಿದಾಗ ಮಾತ್ರ, ನನ್ನ ಅಭಿಪ್ರಾಯಗಳು ನಾನೇ ವಿಚಾರಮಾಡಿ ಕಟ್ಟಿಕೊಂಡವು ಎಂಬ ನಂಬಿಕೆಯೇ ಅಲುಗಾಡಿತು. ಹೂರಣ ಒಂದೇ ಆಗಿರುವಾಗ ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಆಕಸ್ಮಿಕವು ಮನುಷ್ಯನ ಸನ್ನಿವೇಶವನ್ನಷ್ಟೇ ಬದಲಿಸುತ್ತದೆಯೇ, ಮನುಷ್ಯನನ್ನೇ ಬದಲಿಸುತ್ತದೆಯೇ ಎಂಬುದಕ್ಕೆ ಈ ಚಿತ್ರಗಳು ಯಾವ ಉತ್ತರ ಕೊಡುತ್ತವೆ ಎಂದು ನಿಮಗೆ ಅನಿಸುತ್ತದೆ? ಕನ್ನಡದಲ್ಲಿ ಈ ಬಗೆಯ ಪ್ರಯತ್ನಗಳಿದ್ದರೆ ಅವುಗಳನ್ನೂ ತಿಳಿಸಬೇಕಾಗಿ ವಿನಂತಿ. ಉತ್ತರಿಸುವವರು ಕತೆಯ ಕೊನೆಯನ್ನು ಹೇಳುವುದಕ್ಕೆ ನನ್ನ ಆಕ್ಷೇಪವಿಲ್ಲ.

ಉತ್ತರ: ಹಂಪನಕಟ್ಟೆಯ ನೋಡುಗ, ಮಂಗಳೂರು

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ರೈಲು ಸಿಗುವುದರಿಂದ ಹೆಲೆನ್ನಳಿಗೆ ತಿಳಿಯುವ ಸಂಗತಿ ಬದಲಾಗುತ್ತದೆಯೇ ಹೊರತು ಆಕೆ ಬದಲಾಗುವುದಿಲ್ಲ. ಗೆಳೆಯನ ಮೋಸ ಎರಡೂ ಕವಲುಗಳಲ್ಲಿ ಇದ್ದೇ ಇದೆ. ಒಂದರಲ್ಲಿ ಅದು ಆ ದಿನವೇ ಬಯಲಾಗುತ್ತದೆ, ಇನ್ನೊಂದರಲ್ಲಿ ತಡವಾಗಿ ಬಯಲಾಗುತ್ತದೆ. ಕೂದಲು ಕತ್ತರಿಸಿಕೊಂಡು ಬಣ್ಣ ಹಾಕಿಸಿಕೊಂಡ ಹೆಲೆನ್, ಹಾಗೆ ಮಾಡದ ಹೆಲೆನ್ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದರೆ ಅವರು ಯಾವ ವಿಷಯದಲ್ಲೂ ಜಗಳವಾಡಲಿಕ್ಕಿಲ್ಲ. ಅದರ ಮೇಲೆ, ಒಂದು ಕವಲಿನ ಹೆಲೆನ್ ಸತ್ತಾಗ ಇನ್ನೊಂದು ಕವಲಿನ ಹೆಲೆನ್ ಬದುಕಿ, ರೈಲು ಸಿಕ್ಕ ಹೆಲೆನ್ ಮುಂದೆ ಪ್ರೀತಿಸಿದ ಅದೇ ಜೇಮ್ಸ್‌ನನ್ನು ಆಸ್ಪತ್ರೆಯ ಲಿಫ್ಟಿನಲ್ಲಿ ಭೇಟಿಯಾಗುವಂತೆ ಕತೆಯನ್ನು ಮುಗಿಸಿದ್ದಾರೆ. ಆಕಸ್ಮಿಕದ ವೇಷ ತೊಟ್ಟು ರಂಗಕ್ಕೆ ಬಂದ ಈ ಚಿತ್ರ ಕೊನೆಗೆ ಹೇಳುವುದು ಋಣಾನುಬಂಧದ ಕತೆಯನ್ನೇ. ಯಾರು ಯಾರಿಗೆ ಸೇರಬೇಕೋ ಅವರು ಯಾವ ದಾರಿಯಿಂದ ಹೋದರೂ ಸೇರುತ್ತಾರೆ ಎಂದಮೇಲೆ ನೋಡುವವನಿಗೆ ಹೆದರಿಕೆಯಾದರೂ ಏತಕ್ಕೆ?

ವಿತೆಕ್‌ನ ಮೂರು ರೂಪಗಳನ್ನು ಹಾಗೆ ಒಂದೇ ಕೋಣೆಯಲ್ಲಿ ಕೂರಿಸಲಾಗದು. ಒಬ್ಬನು ಪಕ್ಷದ ಕಾರ್ಯಕರ್ತ, ಇನ್ನೊಬ್ಬನು ಆ ಪಕ್ಷದ ಕಣ್ಣುತಪ್ಪಿಸಿ ನಡೆಯುವ ಗುಪ್ತ ಮುದ್ರಣಾಲಯದಲ್ಲಿ ದುಡಿಯುವವನು, ಮೂರನೆಯವನು ಇಬ್ಬರಿಂದಲೂ ದೂರ ನಿಂತವನು. ಇಲ್ಲಿ ಆಕಸ್ಮಿಕವು ನೇರವಾಗಿ ನಂಬಿಕೆಗೇ ಕೈ ಹಾಕುತ್ತದೆ. ಆದರೆ ಅದು ಹೇಗೆ ಕೈ ಹಾಕುತ್ತದೆ ಎಂಬುದನ್ನು ಗಮನಿಸಬೇಕು. ರೈಲಿಗೆ ಯಾವ ಸಿದ್ಧಾಂತವೂ ಇಲ್ಲ. ರೈಲಿನಲ್ಲಿ ಒಬ್ಬ ಮನುಷ್ಯನಿದ್ದಾನೆ. ತನ್ನ ಪಕ್ಷದವರಿಂದಲೇ ಸೆರೆಮನೆಗೆ ತಳ್ಳಲ್ಪಟ್ಟರೂ ನಂಬಿಕೆಯನ್ನು ಬಿಡದ ವೆರ್ನರ್ ಎಂಬ ಆ ಹಿರಿಯ ಕಮ್ಯುನಿಸ್ಟ್ ವಿತೆಕ್‌ನ ಮುಂದೆ ಕುಳಿತು ಮಾತನಾಡುತ್ತಾನೆ. ಎರಡನೆಯ ಕವಲಿನಲ್ಲಿ, ಶಿಕ್ಷೆಯ ರೂಪದಲ್ಲಿ ವಿಧಿಸಿದ ಕೂಲಿಕೆಲಸದ ಜಾಗದಲ್ಲಿ ಬೇರೆಯ ಮಂದಿ ಸಿಗುತ್ತಾರೆ. ಮೂರನೆಯದರಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ಅವನು ಮುಂದೆ ಮದುವೆಯಾಗುವ ಸಹಪಾಠಿ ಓಲ್ಗಾ ನಿಂತಿದ್ದಾಳೆ. ನಂಬಿಕೆಗಳು ಮನುಷ್ಯರ ಮುಖಾಂತರವೇ ನಮ್ಮೊಳಗೆ ಬರುತ್ತವೆ. ಯಾವ ಮನುಷ್ಯರು ನಮಗೆ ಎದುರಾಗುತ್ತಾರೆ ಎಂಬುದು ನಮ್ಮ ಕೈಯಲ್ಲಿಲ್ಲ. ನಿಮ್ಮನ್ನು ಅಲುಗಾಡಿಸಿದ್ದು ಇದೇ ಎಂದು ನನ್ನ ಊಹೆ.

ಹಾಗಾದರೆ ವಿತೆಕ್ ಎಂಬ ವ್ಯಕ್ತಿಯೇ ಇಲ್ಲವೇ? ಇದ್ದಾನೆ. ಮೂರು ಕಡೆಯೂ ಅವನು ಸಭ್ಯ, ಮೂರು ಕಡೆಯೂ ಎದುರಿಗಿರುವವರ ಮಾತನ್ನು ಪೂರ್ತಿಯಾಗಿ ಕೇಳುವವನು, ಮೂರು ಕಡೆಯೂ ತನ್ನವರಿಗೆ ದ್ರೋಹ ಮಾಡಲಾರದವನು. ಮೊದಲ ಕವಲಿನಲ್ಲಿ ಅವನ ಬಾಯಿಂದ ಹೊರಟ ಮಾಹಿತಿಯಿಂದಾಗಿ ಅವನು ಪ್ರೀತಿಸಿದವಳ ಬಂಧನವಾದಾಗ ಅವನು ಕುಸಿದುಹೋಗುತ್ತಾನೆ. ಎರಡನೆಯದರಲ್ಲಿ ಅವನನ್ನೇ ಗುಪ್ತಚರನೆಂದು ಗೆಳೆಯರು ಶಂಕಿಸಿದಾಗಲೂ ಅವನು ಕುಸಿಯುವುದು ಅದೇ ಬಗೆಯಲ್ಲಿ. ಬಾವುಟ ಬದಲಾದರೂ ನೋಯುವ ಜಾಗ ಬದಲಾಗುವುದಿಲ್ಲ.

ಇನ್ನೂ ಒಂದು ಸಂಗತಿಯನ್ನು ನೀವು ಪೀಠಿಕೆಯಲ್ಲಿ ಹೇಳಲೇಬೇಕು. ಸ್ಟೇಷನ್ನಿಗೆ ಓಡುವ ಮೊದಲು ವಿತೆಕ್‌ನ ತಂದೆ ತೀರಿಕೊಂಡಿದ್ದಾನೆ. ನೀನು ಏನನ್ನೂ ಮಾಡಲೇಬೇಕೆಂದಿಲ್ಲ ಎಂಬ ಅರ್ಥದ ಮಾತನ್ನು ಮಗನಿಗೆ ತಲುಪಿಸಿ ಹೋಗಿದ್ದಾನೆ. ತಂದೆಗಾಗಿಯೇ ವೈದ್ಯಕೀಯಕ್ಕೆ ಸೇರಿದ್ದ ಹುಡುಗ ಆ ಮಾತನ್ನು ಕೇಳಿ ಓದಿನಿಂದ ರಜೆ ಪಡೆಯುತ್ತಾನೆ. ಅವನ ಬದುಕಿನಲ್ಲಿ ಯಾವ ದಿಕ್ಕೂ ಇಲ್ಲದ ಗಳಿಗೆಯಲ್ಲಿ ಆ ರೈಲು ಹೊರಡುತ್ತಿದೆ. ಅದೇ ರೈಲು ಒಂದು ವರ್ಷ ಮೊದಲು ತಪ್ಪಿದ್ದರೆ ಅವನು ಮುಂದಿನ ರೈಲಿಗೆ ಕಾದು, ವಾರ್ಸಾಕ್ಕೆ ಹೋಗಿ, ಮರಳಿ ಬಂದು ಪರೀಕ್ಷೆಗೆ ಓದುತ್ತಿದ್ದ. ಆಕಸ್ಮಿಕದ ಬಲ ಆಕಸ್ಮಿಕದಲ್ಲಿ ಇರುವುದಿಲ್ಲ, ಅದು ಬಂದು ತಾಗುವ ಗಳಿಗೆಯ ಸಡಿಲತನದಲ್ಲಿ ಇರುತ್ತದೆ ಎಂದು ಈ ಚಿತ್ರದಿಂದ ನಾನು ಅರ್ಥಮಾಡಿಕೊಂಡಿದ್ದೇನೆ.

ಚಿತ್ರದ ಕಾಲವೂ ಅಂತಹದೇ ಸಡಿಲವಾದ ಕಾಲ. 1980ರಲ್ಲಿ ಪೋಲೆಂಡಿನ ಕಾರ್ಮಿಕರ ‘ಸಾಲಿಡಾರಿಟಿ’ ಸಂಘಟನೆ ಹುಟ್ಟಿತು, 1981ರ ಡಿಸೆಂಬರ್ 13ರಂದು ಅಲ್ಲಿ ಸೈನಿಕ ಕಾನೂನು ಬಂತು. ಚಿತ್ರ ಆ ನಡುವಿನ ಅವಧಿಯದು. ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದವರು 1987ರಲ್ಲಷ್ಟೇ, ಅದೂ ಕತ್ತರಿ ಪ್ರಯೋಗಿಸಿದ ಮೇಲೆ, ಹೊರಗೆ ಬಿಟ್ಟರು. ಪಕ್ಷದವನೂ ಪಕ್ಷದ್ರೋಹಿಯೂ ಒಬ್ಬನೇ ಆಗಿರಬಹುದಿತ್ತು ಎಂಬ ಮಾತನ್ನು ಯಾವ ಸರಕಾರ ತಾನೇ ಸಹಿಸೀತು? ವಿರೋಧಿ ಪಾಳೆಯದವರಿಗೂ ಅದು ಸಿಹಿಯಾದ ಮಾತೇನೂ ಆಗಿರಲಾರದು.

ಉತ್ತರ: ಪಡುಬಿದ್ರಿ ಎಕ್ಸ್‌ಪ್ರೆಸ್

ಮೇಲಿನ ಉತ್ತರವನ್ನು ಬಹುಪಾಲು ಒಪ್ಪುತ್ತೇನೆ. ಆದರೆ ಈ ಪಟ್ಟಿಯಲ್ಲಿ ಟಾಮ್ ಟಿಕ್ವರ್‌ನ ‘ರನ್ ಲೋಲಾ ರನ್’ ಇಲ್ಲದಿದ್ದರೆ ಚರ್ಚೆ ಕುಂಟುತ್ತದೆ. ಅದೂ 1998ರದ್ದೇ. ಕೊಂಕಣ ರೈಲು ಪೂರ್ತಿ ಉದ್ದಕ್ಕೆ ಓಡಲಾರಂಭಿಸಿದ ವರ್ಷವೂ ಅದೇ ಎಂಬುದು ಇಂದ್ರಾಳಿಯವರಿಗೆ ನೆನಪಿರಬಹುದು. ಇದಕ್ಕೂ ಅದಕ್ಕೂ ಸಂಬಂಧವೇನೂ ಇಲ್ಲ, ಆಕಸ್ಮಿಕದ ಮಾತು ಬಂದುದರಿಂದ ಹೇಳಿದೆ.

ಬರ್ಲಿನ್ನಿನ ಲೋಲಾಳಿಗೆ ಇಪ್ಪತ್ತು ನಿಮಿಷದೊಳಗೆ ಒಂದು ಲಕ್ಷ ಮಾರ್ಕ್ ಹೊಂದಿಸಿ ತನ್ನ ಗೆಳೆಯ ಮಾನ್ನಿಯನ್ನು ಉಳಿಸಬೇಕಾಗಿದೆ. ಮನೆಯ ಮೆಟ್ಟಿಲಿನಲ್ಲಿ ನಾಯಿಯೊಂದಿಗೆ ನಿಂತ ಹುಡುಗನನ್ನು ಅವಳು ಹೇಗೆ ದಾಟುತ್ತಾಳೆ ಎಂಬುದರಿಂದ ಕೆಲವು ಸೆಕೆಂಡುಗಳ ಅಂತರ ಹುಟ್ಟುತ್ತದೆ, ಆ ಅಂತರದಿಂದ ಮುಂದಿನದೆಲ್ಲ ಬೇರೆಯಾಗುತ್ತದೆ. ಒಮ್ಮೆ ಅವಳು ಗುಂಡೇಟಿಗೆ ಬಲಿಯಾಗುತ್ತಾಳೆ, ಒಮ್ಮೆ ಮಾನ್ನಿ ಆಂಬುಲೆನ್ಸ್ ಅಡಿಗೆ ಬೀಳುತ್ತಾನೆ, ಮೂರನೆಯ ಬಾರಿ ಅವಳು ಜೂಜುಕಟ್ಟೆಯ ರೂಲೆಟ್ ಚಕ್ರದಲ್ಲಿ ಗೆದ್ದು ಬರುತ್ತಾಳೆ. ವಿತೆಕ್‌ಗೂ ಇವಳಿಗೂ ಇರುವ ಅಂತರ ಏನೆಂದರೆ, ವಿತೆಕ್‌ಗೆ ತನ್ನ ಇತರ ಬದುಕುಗಳ ಸುಳಿವೇ ಇಲ್ಲ, ಲೋಲಾಳಿಗೆ ಇದೆ. ಮೊದಲ ಓಟದಲ್ಲಿ ಪಿಸ್ತೂಲಿನ ಸುರಕ್ಷಾ ಗುಂಡಿಯನ್ನು ಸರಿಸುವುದನ್ನು ಮಾನ್ನಿಯಿಂದ ಕೇಳಿ ತಿಳಿದವಳು, ಎರಡನೆಯ ಓಟದಲ್ಲಿ ಅದನ್ನು ತಾನಾಗಿಯೇ ಸರಿಸುತ್ತಾಳೆ. ಆದ್ದರಿಂದ ಅದು ನಿಜಕ್ಕೂ ಪರ್ಯಾಯ ಕಾಲದ ಕತೆಯಲ್ಲ, ಸೋತ ಆಟವನ್ನು ಮತ್ತೆ ಆಡುವ ಕತೆ. ಆಕಸ್ಮಿಕವನ್ನು ಒಪ್ಪಿಕೊಳ್ಳದೆ, ಅದು ಮಣಿಯುವವರೆಗೂ ಓಡುವ ಹೆಣ್ಣಿನ ಕತೆ. ನನಗೆ ಅವಳೇ ಹೆಚ್ಚು ಇಷ್ಟ.

ಆದರೂ ಆ ಚಿತ್ರದಲ್ಲಿ ನಿಮ್ಮ ಪ್ರಶ್ನೆಗೆ ಹತ್ತಿರವಾದದ್ದು ಲೋಲಾ ಅಲ್ಲ, ಅವಳ ದಾರಿಗೆ ಅಡ್ಡ ಬರುವ ಜನ. ತಳ್ಳುಗಾಡಿಯಲ್ಲಿ ಮಗುವನ್ನು ಕರೆದೊಯ್ಯುವ ಒಬ್ಬ ಹೆಂಗಸಿದ್ದಾಳೆ. ಲೋಲಾ ಅವಳನ್ನು ದಾಟಿ ಹೋಗುತ್ತಿದ್ದಂತೆ, ಅವಳ ಮುಂದಿನ ಬದುಕು ಪಟಪಟನೆ ಸರಿಯುವ ಕೆಲವು ಫೋಟೊಗಳಲ್ಲಿ ನಮಗೆ ಕಾಣುತ್ತದೆ. ಒಂದು ಓಟದಲ್ಲಿ ಅವಳಿಂದ ಮಗುವನ್ನು ಕಿತ್ತುಕೊಳ್ಳುತ್ತಾರೆ, ಇನ್ನೊಂದರಲ್ಲಿ ಅವಳಿಗೆ ಲಾಟರಿ ಹೊಡೆಯುತ್ತದೆ, ಮತ್ತೊಂದರಲ್ಲಿ ಅವಳು ಧರ್ಮಪ್ರಚಾರಕಿಯಾಗುತ್ತಾಳೆ. ಲೋಲಾಳಿಗೆ ಇದೊಂದೂ ಗೊತ್ತಿಲ್ಲ. ಯಾರದೋ ಅವಸರ ಇನ್ನಾರದೋ ಹಣೆಬರಹವಾಗುವ ಈ ಸಂಗತಿಯನ್ನು ಚಿತ್ರ ನಗುತ್ತಲೇ ಹೇಳಿ ಮುಂದೆ ಹೋಗುತ್ತದೆ, ನಾವು ಮಾತ್ರ ಅಲ್ಲೇ ಉಳಿಯುತ್ತೇವೆ. ಕೀಸ್ಲೋವ್ಸ್ಕಿಯಲ್ಲೂ ಇದರ ಬೀಜವಿದೆ. ವಿತೆಕ್ ಓಡುವಾಗ ಒಬ್ಬಾಕೆಗೆ ತಾಗುತ್ತಾನೆ, ಅವಳ ಕೈಯಿಂದ ಬಿದ್ದ ನಾಣ್ಯ ಉರುಳುತ್ತದೆ, ಅದನ್ನು ಕಾಲಿನಿಂದ ತಡೆದವನು ಎತ್ತಿಕೊಂಡು ಹೋಗಿ ಬಿಯರ್ ಕೊಳ್ಳುತ್ತಾನೆ, ಆ ಬಿಯರ್ ಹಿಡಿದವನೇ ವಿತೆಕ್‌ನ ಓಟಕ್ಕೆ ಅಡ್ಡ ಬರುತ್ತಾನೆ. ಮುಂದೆ ಕೀಸ್ಲೋವ್ಸ್ಕಿ ಸಹಲೇಖಕನಾಗಿದ್ದ ಚಿತ್ರಕತೆಯೊಂದನ್ನು ಅವನ ನಿಧನಾನಂತರ ‘ಹೆವೆನ್’ ಎಂಬ ಹೆಸರಿನಲ್ಲಿ 2002ರಲ್ಲಿ ಚಿತ್ರವಾಗಿಸಿದವನು ಇದೇ ಟಿಕ್ವರ್ ಎಂಬುದನ್ನು ನೆನೆದರೆ, ಈ ನಂಟು ಬರಿಯ ಹೋಲಿಕೆಯಲ್ಲ ಎಂದು ತೋರುತ್ತದೆ.

ಭಾರತದ ಮಟ್ಟಿಗೆ ಹೇಳುವುದಾದರೆ, ತಮಿಳಿನಲ್ಲಿ ಜೀವಾ ನಿರ್ದೇಶಿಸಿದ ‘12ಬಿ’ 2001ರಲ್ಲಿ ಬಂತು. ಸಂದರ್ಶನಕ್ಕೆ ಹೊರಟ ಯುವಕನಿಗೆ ಚೆನ್ನೈಯ ಆ ಸಂಖ್ಯೆಯ ಬಸ್ಸು ಸಿಕ್ಕರೆ ಒಂದು ಬದುಕು, ತಪ್ಪಿದರೆ ಇನ್ನೊಂದು. ಲೋಲಾಳ ಕತೆ 2022ರಲ್ಲಿ ಹಿಂದಿಯಲ್ಲಿ ‘ಲೂಪ್ ಲಪೇಟಾ’ ಆಯಿತು. ಅದನ್ನು ಕುತೂಹಲಕ್ಕೆ ನೋಡಬಹುದು, ಚರ್ಚೆಗೆ ಅಷ್ಟೊಂದು ಸರಕಿಲ್ಲ. ನಮ್ಮ ಮಂಗಳೂರು–ಉಡುಪಿ ದಾರಿಯಲ್ಲಿ ಇಂತಹ ಕತೆಯನ್ನು ಕಟ್ಟುವುದು ಕಷ್ಟ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಒಂದು ಎಕ್ಸ್‌ಪ್ರೆಸ್ ಬಸ್ಸು ತಪ್ಪಿದರೆ ಅದರ ಬೆನ್ನಿಗೇ ಇನ್ನೊಂದು ಹಾರ್ನ್ ಹಾಕುತ್ತಾ ಬಂದು ನಿಲ್ಲುತ್ತದೆ, ಕಂಡಕ್ಟರನೇ ಕೈಹಿಡಿದು ಹತ್ತಿಸುತ್ತಾನೆ. ಈ ಬಗೆಯ ಚಿತ್ರಕ್ಕೆ ಬೇಕಾಗಿರುವುದು ಒಮ್ಮೆ ಮುಚ್ಚಿದರೆ ಮತ್ತೆ ತೆರೆಯದ ಬಾಗಿಲು. ಎಲ್ಲರೂ ರೈಲಿನ ಹಿಂದೆಯೇ ಓಡುವುದಕ್ಕೆ ಅದೇ ಕಾರಣವಿರಬೇಕು.

ಉತ್ತರ: ತಾಳಮದ್ದಳೆಯ ಶ್ರೋತೃ, ಉಡುಪಿ

ಕನ್ನಡದ ಬಗ್ಗೆ ಕೇಳಿದ್ದೀರಿ. ಈ ವಿಷಯ ಎತ್ತಿದೊಡನೆ ನಮ್ಮ ಕಡೆಯವರೆಲ್ಲ ‘ಉಳಿದವರು ಕಂಡಂತೆ’ಯ ಹೆಸರನ್ನು ಹೇಳುತ್ತಾರೆ. ರಕ್ಷಿತ್ ಶೆಟ್ಟಿಯವರ 2014ರ ಆ ಚಿತ್ರ ಮಲ್ಪೆಯ ಕಡಲತಡಿಯದು, ಅಷ್ಟಮಿಯ ಹುಲಿವೇಷದ ಸದ್ದು ಅದರೊಳಗಿದೆ, ಆದ್ದರಿಂದ ನಮಗೆ ಅದರ ಮೇಲೆ ಮಮತೆ ಸಹಜ. ಆದರೆ ಅದನ್ನು ಈ ಸಾಲಿನಲ್ಲಿ ಸೇರಿಸಬೇಡಿ. ನಡೆದ ಘಟನೆ ಒಂದೇ, ಅದನ್ನು ಕಂಡ ಕಣ್ಣುಗಳು ಬೇರೆಬೇರೆ. ಅದು ಕುರೊಸಾವನ 1950ರ ‘ರಾಶೋಮನ್’ ಹಾಕಿಕೊಟ್ಟ ದಾರಿ. ನಿಮ್ಮ ಚಿತ್ರಗಳಲ್ಲಿ ಕಾಣುವ ಕಣ್ಣು ಒಂದೇ, ನಡೆಯುವ ಘಟನೆಗಳೇ ಬೇರೆಬೇರೆ. ಅಲ್ಲಿ ಏಳುವ ಪ್ರಶ್ನೆ ಸತ್ಯ ಯಾವುದು ಎಂಬುದು. ಇಲ್ಲಿ ಎಲ್ಲ ಕವಲುಗಳೂ ಸಮಾನವಾಗಿ ಸತ್ಯ, ಹಾಗಾಗಿಯೇ ದಿಗಿಲು.

ಪವನ್ ಕುಮಾರ್ ಅವರು ಪ್ರೇಕ್ಷಕರಿಂದಲೇ ಹಣ ಸಂಗ್ರಹಿಸಿ ಮಾಡಿದ 2013ರ ‘ಲೂಸಿಯಾ’ ಇದಕ್ಕೆ ಹೆಚ್ಚು ಸಮೀಪ. ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಜನರಿಗೆ ಸೀಟು ತೋರಿಸುವವನೊಬ್ಬ, ಪರದೆಯ ಮೇಲೆ ಮೆರೆಯುವ ತಾರೆಯೊಬ್ಬ, ಇಬ್ಬರೂ ಒಬ್ಬನೇ. ಒಂದು ಬದುಕು ಬಣ್ಣದಲ್ಲಿ, ಇನ್ನೊಂದು ಕಪ್ಪುಬಿಳುಪಿನಲ್ಲಿ. ಅಲ್ಲಿ ಕವಲನ್ನು ಒಡೆಯುವುದು ಆಕಸ್ಮಿಕವಲ್ಲ, ಬಯಕೆ. ತಾನು ಬೇರೆಯವನಾಗಿದ್ದರೆ ಎಂದು ಹಂಬಲಿಸುವವನು ಆ ಬೇರೆಯವನನ್ನು ನಿದ್ದೆಯಲ್ಲಿ ಕಟ್ಟಿಕೊಳ್ಳುತ್ತಾನೆ. ಯಾವುದು ಕನಸು ಎಂಬುದನ್ನು ನಾನು ಹೇಳುವುದಿಲ್ಲ, ನಿಮ್ಮ ಮಿತ್ರರಲ್ಲಿ ನೋಡದವರೂ ಇರಬಹುದು.

ಇನ್ನು ಮೊದಲ ಉತ್ತರದವರು ಹೇಳಿದ ‘ಸಡಿಲವಾದ ಗಳಿಗೆ’ಯ ಮಾತಿಗೆ ಒಂದು ಪುರಾಣದ ಒತ್ತಾಸೆ ಕೊಡಬಲ್ಲೆ. ನಳನ ಮೇಲೆ ಹಗೆ ಸಾಧಿಸಲು ಕಲಿ ವರ್ಷಗಟ್ಟಲೆ ಕಾಯುತ್ತಾನೆ. ಹನ್ನೆರಡನೆಯ ವರ್ಷದಲ್ಲಿ ಒಂದು ದಿನ ನಳ ಕಾಲು ತೊಳೆಯದೆ ಸಂಧ್ಯಾವಂದನೆಗೆ ಕುಳಿತಾಗ ಒಳಹೊಗುತ್ತಾನೆ. ಮುಂದಿನ ಜೂಜು, ರಾಜ್ಯನಾಶ, ಕಾಡಿನಲ್ಲಿ ದಮಯಂತಿಯನ್ನು ಬಿಟ್ಟುಹೋಗುವುದು, ಎಲ್ಲಕ್ಕೂ ಆ ತೊಳೆಯದ ಕಾಲೇ ಬಾಗಿಲು. ಕಾರಣ ಅಷ್ಟು ಚಿಕ್ಕದು, ಪರಿಣಾಮ ಅಷ್ಟು ದೊಡ್ಡದು. ಆದರೆ ಕಲಿ ಮಾತ್ರ ಬಹಳ ಕಾಲದಿಂದ ಹೊರಗೆ ಕಾದು ನಿಂತಿದ್ದ ಎಂಬುದನ್ನು ಮರೆಯಬಾರದು.

ಒಂದೇ ಆಟವನ್ನು ಎರಡು ಬಾರಿ ಆಡಿಸಿದ ಕತೆಯೂ ನಮ್ಮಲ್ಲಿದೆ. ಮೊದಲ ದ್ಯೂತದಲ್ಲಿ ಸರ್ವಸ್ವವನ್ನೂ ಕಳೆದುಕೊಂಡ ಧರ್ಮರಾಯನಿಗೆ, ದ್ರೌಪದಿಯ ಕಾರಣದಿಂದ ಧೃತರಾಷ್ಟ್ರ ಎಲ್ಲವನ್ನೂ ಮರಳಿಸುತ್ತಾನೆ. ದಾಳಗಳನ್ನು ಮತ್ತೆ ಮೊದಲಿನ ಸ್ಥಾನಕ್ಕೆ ಇಟ್ಟಂತಾಯಿತು. ಲೋಲಾಳಿಗೆ ಸಿಕ್ಕಿದಂತಹ ಅವಕಾಶ ಇದು. ಮರಳಿ ಕರೆದಾಗ ಧರ್ಮರಾಯ ಮತ್ತೆ ಹೋಗಿ ಕೂರುತ್ತಾನೆ; ಈ ಸಲ ಪಣ ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ. ಸಂದರ್ಭವನ್ನು ಹಿಂದಕ್ಕೆ ತಿರುಗಿಸಬಹುದು, ಕರೆದರೆ ಹೋಗದಿರಲಾರದ ಕ್ಷತ್ರಿಯನ ಸ್ವಭಾವವನ್ನು ತಿರುಗಿಸಲಾಗದು. ಭಾಗವತರು ಹಾಡಿದ ಪದ್ಯಕ್ಕೆ ಅರ್ಥಧಾರಿಗಳು ಕುಳಿತಲ್ಲೇ ಮಾತಿನಲ್ಲಿ ಅರ್ಥ ಹೇಳುವ ನಮ್ಮ ತಾಳಮದ್ದಳೆಯಲ್ಲಿ ಇದೇ ಪ್ರಸಂಗವನ್ನು ಇಟ್ಟುಕೊಂಡು, ನುರಿತ ಅರ್ಥಧಾರಿಯೊಬ್ಬರು ಧರ್ಮರಾಯ ಏಕೆ ಹೋಗಲೇಬಾರದಿತ್ತು ಎಂದು ಎದುರು ಪಾತ್ರದಿಂದ ವಾದಿಸಿ ಸಭೆಯನ್ನೆಲ್ಲ ತನ್ನ ಕಡೆಗೆ ಎಳೆದುಕೊಳ್ಳುವುದುಂಟು. ಒಂದು ಗಳಿಗೆ, ಇವತ್ತು ಆತ ಹೋಗಲಿಕ್ಕಿಲ್ಲವೇನೋ ಎನಿಸುತ್ತದೆ. ಆದರೆ ಭಾಗವತರು ಮುಂದಿನ ಪದ್ಯ ಎತ್ತಿದ ಮೇಲೆ ಮುಗಿಯಿತು. ಅರ್ಥಕ್ಕೆ ಸ್ವಾತಂತ್ರ್ಯವಿದೆ, ಪದ್ಯಕ್ಕಿಲ್ಲ. ಕೀಸ್ಲೋವ್ಸ್ಕಿಯ ಚಿತ್ರದಲ್ಲಿ ಪದ್ಯವೇ ಬದಲಾಗುತ್ತದೆ, ಅರ್ಥಧಾರಿ ಮಾತ್ರ ಒಬ್ಬನೇ.

ಇಂದ್ರಾಳಿ ಪ್ರಯಾಣಿಕ, ಉಡುಪಿ

ಮೂವರಿಗೂ ಕೃತಜ್ಞತೆಗಳು. ‘ಸಡಿಲವಾದ ಗಳಿಗೆ’ಯ ವಿಚಾರ ನನಗೆ ಬಹಳ ಹಿಡಿಸಿತು, ಆದರೆ ಅಲ್ಲಿಯೇ ಒಂದು ತೊಡಕೂ ಕಾಣುತ್ತಿದೆ. ಮನಸ್ಸು ಗಟ್ಟಿಯಿದ್ದವನನ್ನು ಆಕಸ್ಮಿಕ ಅಲುಗಿಸಲಾರದು ಎಂದಾದರೆ, ಮೂರನೆಯ ಕವಲಿನ ವಿತೆಕ್ ಸುರಕ್ಷಿತನಾಗಿರಬೇಕಿತ್ತು. ಅವನಿಗೆ ಮನೆಯಿದೆ, ಹೆಂಡತಿ ಮಗುವಿದ್ದಾರೆ, ಇಷ್ಟಪಟ್ಟ ವೃತ್ತಿಯಿದೆ, ಯಾವ ಕಡೆಗೂ ಸಹಿ ಹಾಕುವುದಿಲ್ಲ ಎಂಬ ನಿಲುವಿದೆ. ಹಾಗಿದ್ದೂ ಹಿರಿಯ ಪ್ರಾಧ್ಯಾಪಕರೊಬ್ಬರ ಬದಲಿಗೆ ಲಿಬಿಯಾಕ್ಕೆ ಹೊರಟವನ ವಿಮಾನ ಮೇಲೇರಿದೊಡನೆ ಸಿಡಿಯುತ್ತದೆ. ಮೊದಲ ಎರಡು ಕವಲುಗಳಲ್ಲಿ ರಾಜಕೀಯದ ಅಡಚಣೆಗಳಿಂದಾಗಿ ವಿಮಾನ ಹತ್ತಲಾಗದವನೇ ಬದುಕಿ ಉಳಿಯುತ್ತಾನೆ. ಇದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು? ಯಾವ ಪಕ್ಷವನ್ನೂ ಸೇರದವನಿಗೆ ಚಿತ್ರ ಶಿಕ್ಷೆ ಕೊಡುತ್ತಿದೆಯೇ?

ಉತ್ತರ: ಸುರತ್ಕಲ್ಲಿನವ

ಶಿಕ್ಷೆ ಎಂದು ಓದುವುದಕ್ಕೆ ನನ್ನ ವಿರೋಧವಿದೆ. ನಾನು ಎಂಜಿನಿಯರಿಂಗ್ ಓದಿದವನಾದ್ದರಿಂದ ಬೇರೆ ಬಾಗಿಲಿನಿಂದ ಬರುತ್ತೇನೆ.

ಈ ಚಿತ್ರಗಳ ಚರ್ಚೆಯಲ್ಲಿ, ಚಿಟ್ಟೆಯೊಂದು ರೆಕ್ಕೆ ಬಡಿದದ್ದು ಎಲ್ಲೋ ದೂರದಲ್ಲಿ ಬಿರುಗಾಳಿಯಾದೀತು ಎಂಬ ‘ಚಿಟ್ಟೆಯ ರೆಕ್ಕೆ’ಯ ಮಾತು ಬಂದೇ ಬರುತ್ತದೆ, ‘ದಿ ಬಟರ್‌ಫ್ಲೈ ಎಫೆಕ್ಟ್’ ಎಂಬ 2004ರ ಹಾಲಿವುಡ್ ಚಿತ್ರವೂ ಇದೆ, ಆ ಚಿತ್ರವನ್ನು ನೀವು ಬಿಟ್ಟರೆ ನಷ್ಟವಿಲ್ಲ. ಆದರೆ ಆ ಮಾತಿನ ಮೂಲವನ್ನು ಬಿಡಬಾರದು. ಎಡ್ವರ್ಡ್ ಲೊರೆನ್ಜ್ ಎಂಬ ಹವಾಮಾನ ವಿಜ್ಞಾನಿ 1961ರಲ್ಲಿ ಗಣಕಯಂತ್ರದಲ್ಲಿ ಹವಾಮಾನದ ಒಂದು ಸರಳ ಮಾದರಿಯನ್ನು ಓಡಿಸುತ್ತಿದ್ದ. ಹಿಂದಿನ ಲೆಕ್ಕವನ್ನು ನಡುವಿನಿಂದ ಮತ್ತೆ ಓಡಿಸಲು, ಅಚ್ಚಾಗಿ ಬಂದಿದ್ದ 0.506 ಎಂಬ ಸಂಖ್ಯೆಯನ್ನು ತುಂಬಿದ. ಯಂತ್ರದ ಒಳಗಿದ್ದದ್ದು 0.506127. ಆ ಚಿಕ್ಕ ವ್ಯತ್ಯಾಸದಿಂದ, ಸ್ವಲ್ಪ ಹೊತ್ತಿನಲ್ಲೇ ಎರಡು ಹವಾಮಾನಗಳು ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ಬೇರೆಯಾದವು. ಇದರಲ್ಲಿ ಜನ ಮರೆಯುವ ಅಂಶವೆಂದರೆ, ಆ ಸಮೀಕರಣಗಳಲ್ಲಿ ಆಕಸ್ಮಿಕ ಎಂಬುದು ಎಳ್ಳಷ್ಟೂ ಇಲ್ಲ. ಅದೇ ಸಂಖ್ಯೆ ಕೊಟ್ಟರೆ ಅದೇ ಉತ್ತರ, ಎಷ್ಟು ಸಲ ಬೇಕಾದರೂ. ಸ್ಟೇಷನ್ನಿನ ನಾಣ್ಯವೂ ಹಾಗೆಯೇ ಉರುಳುತ್ತದೆ. ಪ್ರತಿಯೊಂದು ತಿರುವಿಗೂ ಕಾರಣವಿದೆ. ಆಕಸ್ಮಿಕ ಎಂದು ನಾವು ಕರೆಯುವುದು, ಪರಸ್ಪರ ಅರಿವಿಲ್ಲದ ಎರಡು ಕಾರಣಗಳ ಸರಪಳಿಗಳು ಒಂದು ಜಾಗದಲ್ಲಿ ಸಂಧಿಸುವುದನ್ನು.

ನಮ್ಮ ಊರಿನವರಿಗೆ ಆ ಚಿತ್ರದ ಕೊನೆಯ ದೃಶ್ಯವನ್ನು ನೋಡುವಾಗ ಮಂಗಳೂರಿನ ವಿಮಾನನಿಲ್ದಾಣವಿರುವ ಬಜ್ಪೆ ನೆನಪಾಗದೆ ಇರದು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಗುಡ್ಡದ ಮೇಲಿನ ರನ್‌ವೇಯನ್ನು ದಾಟಿ ಕಣಿವೆಗೆ ಬಿತ್ತು. ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು, 8 ಮಂದಿ ಉಳಿದರು. ಅಂದಿನಿಂದ ಇಲ್ಲಿ ಯಾರ ಬಾಯಲ್ಲೂ ಬರುವ ಮಾತು ವಿಧಿ ಎಂಬುದೇ. ಯಾರು ಟಿಕೆಟನ್ನು ಮುಂದೂಡಿದರು, ಯಾರು ಯಾರ ಮದುವೆಗೆಂದು ಒಂದು ದಿನ ಮೊದಲೇ ಹೊರಟರು ಎಂಬ ಬಗೆಯ ಕತೆಗಳೇ. ಪ್ರಯಾಣಿಕರ ಕಡೆಯಿಂದ ನೋಡಿದರೆ ಅದು ವಿಧಿಯೇ ಇರಬಹುದು. ಆದರೆ ತನಿಖೆಯ ವರದಿ ವಿಧಿಯ ಮಾತನ್ನು ಆಡಲಿಲ್ಲ. ಇಳಿಯುವ ಹಂತ ಸ್ಥಿರವಾಗಿರಲಿಲ್ಲ, ಸಹಪೈಲಟ್ ಮೂರು ಸಲ ಮೇಲಕ್ಕೇರಿ ಸುತ್ತು ಹಾಕೋಣವೆಂದು ಹೇಳಿದರೂ, ಯಂತ್ರ ಎಚ್ಚರಿಸಿದರೂ, ಇಳಿಸುವುದನ್ನು ನಿಲ್ಲಿಸಲಿಲ್ಲ ಎಂದು ಅದು ಹೇಳಿತು. ಒಂದೇ ಘಟನೆ, ಹಿಂದಿನ ಸೀಟಿನಿಂದ ಆಕಸ್ಮಿಕ, ಮುಂದಿನ ಸೀಟಿನಿಂದ ನಿರ್ಧಾರ.

ಇದನ್ನು ಇಟ್ಟುಕೊಂಡು ವಿತೆಕ್‌ನ ವಿಮಾನವನ್ನು ನೋಡಿ. ಅದು ಏಕೆ ಸಿಡಿಯಿತು ಎಂದು ಕೀಸ್ಲೋವ್ಸ್ಕಿ ಹೇಳುವುದೇ ಇಲ್ಲ. ನಾವು ಇಡೀ ಚಿತ್ರವನ್ನು ವಿತೆಕ್‌ನ ಸೀಟಿನಿಂದಲೇ ನೋಡಿದ್ದೇವೆ, ಕೊನೆಯಲ್ಲೂ ಅಲ್ಲಿಂದಲೇ ನೋಡುತ್ತೇವೆ. ಆ ವಿಮಾನಕ್ಕೆ ಅವನು ಯಾವ ಪಕ್ಷವನ್ನು ಸೇರಿದ್ದ, ಯಾವುದನ್ನು ಸೇರಲಿಲ್ಲ ಎಂಬುದು ಗೊತ್ತಿಲ್ಲ. ಹಂಪನಕಟ್ಟೆಯವರ ಮಾತು ನಂಬಿಕೆಗಳ ಮಟ್ಟಿಗೆ ಸರಿ. ಮನಸ್ಸು ಸಡಿಲವಿದ್ದಾಗಲೇ ಆಕಸ್ಮಿಕ ನಂಬಿಕೆಯನ್ನು ತಿರುಗಿಸಬಲ್ಲದು. ದೇಹಕ್ಕೆ ಆ ರಕ್ಷಣೆ ಇಲ್ಲ. ಗಟ್ಟಿ ಮನಸ್ಸಿನವನೂ ವಿಮಾನದಲ್ಲಿ ಕೂರುತ್ತಾನೆ.

ಹಂಪನಕಟ್ಟೆಯ ನೋಡುಗ, ಮಂಗಳೂರು

ಸುರತ್ಕಲ್ಲಿನವರ ತಿದ್ದುಪಡಿಯನ್ನು ಒಪ್ಪುತ್ತೇನೆ, ಒಂದು ಮಾತನ್ನಷ್ಟೇ ಸೇರಿಸುತ್ತೇನೆ. ಮೊದಲೆರಡು ಕವಲುಗಳಲ್ಲಿ ವಿತೆಕ್‌ನನ್ನು ನೆಲದ ಮೇಲೆ ಉಳಿಸಿದ್ದು ಅದೃಷ್ಟವಲ್ಲ, ಅವನು ಆಗ ದುರದೃಷ್ಟವೆಂದೇ ಎಣಿಸಿದ ಸಂಗತಿಗಳು. ಒಂದರಲ್ಲಿ ದೇಶದಲ್ಲಿ ಮುಷ್ಕರಗಳು ಎದ್ದು ಪ್ರಯಾಣ ರದ್ದಾಯಿತು. ಇನ್ನೊಂದರಲ್ಲಿ ಪಾಸ್‌ಪೋರ್ಟ್ ಬೇಕಾದರೆ ಗೆಳೆಯರ ಬಗ್ಗೆ ಮಾಹಿತಿ ಕೊಡು ಎಂದರು, ಅವನು ಕೊಡಲಿಲ್ಲ. ಈ ಎರಡನೆಯದು ಪೂರ್ತಿಯಾಗಿ ಅವನ ಸ್ವಭಾವದಿಂದ ಬಂದದ್ದು ಎಂಬುದನ್ನು ಗಮನಿಸಿ.

ಕಾರ್ಯಕ್ರಮದ ಕ್ರಮದ ಬಗ್ಗೆ: ಮೊದಲು ‘ಬ್ಲೈಂಡ್ ಚಾನ್ಸ್’ ತೋರಿಸಿ. ಅದು ಸುಮಾರು ಎರಡು ಗಂಟೆಯದು. ಕತ್ತರಿಸಿದ ಭಾಗಗಳನ್ನು ಬಹುಪಾಲು ಮರಳಿ ಸೇರಿಸಿದ ಹೊಸ ಪ್ರತಿಯನ್ನೇ ಹುಡುಕಿ. ಮರು ತಿಂಗಳು ಲೋಲಾ. ಅದು ಒಂದೂವರೆ ಗಂಟೆಯೂ ಇಲ್ಲವಾದ್ದರಿಂದ ಚರ್ಚೆಗೆ ಸಮಯ ಉಳಿಯುತ್ತದೆ. ಅನಂತರ ‘ಲೂಸಿಯಾ’. ಹೆಲೆನ್ನಳನ್ನು ಮನೆಯಲ್ಲೇ ನೋಡಿಕೊಳ್ಳಲಿ. ಅಲೆನ್ ರೆನೆಯ 1993ರ ‘ಸ್ಮೋಕಿಂಗ್’, ‘ನೋ ಸ್ಮೋಕಿಂಗ್’ ಎಂಬ ಜೋಡಿ ಚಿತ್ರಗಳೂ ಇವೆ. ಒಬ್ಬಾಕೆ ಸಿಗರೇಟು ಹಚ್ಚುತ್ತಾಳೋ ಇಲ್ಲವೋ ಎಂಬಲ್ಲಿಂದ ಕವಲುಗಳು ಹೊರಡುತ್ತವೆ, ಇಬ್ಬರೇ ನಟರು ಎಲ್ಲ ಪಾತ್ರಗಳನ್ನೂ ಮಾಡುತ್ತಾರೆ. ಆದರೆ ಎರಡೂ ಸೇರಿ ಐದು ಗಂಟೆಗೆ ಸಮೀಪ, ಮಳೆಗಾಲದ ಸಂಜೆಗೆ ಅದು ಅತಿಯಾದೀತು.

ಇಂದ್ರಾಳಿ ಪ್ರಯಾಣಿಕ, ಉಡುಪಿ

ಈ ಕ್ರಮವನ್ನೇ ಇಟ್ಟುಕೊಳ್ಳುತ್ತೇನೆ. ಮೊದಲ ಕವಲು ಮುಗಿದಾಗ ಚಿತ್ರವನ್ನು ನಿಲ್ಲಿಸಿ, ಮುಂದೇನಾಗಬಹುದು ಎಂದು ನೋಡುಗರನ್ನು ಕೇಳೋಣವೆಂದು ನಮ್ಮಲ್ಲೊಬ್ಬರು ಸೂಚಿಸಿದ್ದರು, ಅದನ್ನು ಕೈಬಿಟ್ಟಿದ್ದೇನೆ. ಯಾವ ಮುನ್ಸೂಚನೆಯೂ ಇಲ್ಲದೆ ವಿತೆಕ್ ಮತ್ತೆ ಅದೇ ಸ್ಟೇಷನ್ನಿನಲ್ಲಿ ಓಡತೊಡಗುವುದನ್ನು ಮೊದಲ ಸಲ ನೋಡುವವನು ತಾನಾಗಿಯೇ ಎದುರಿಸಬೇಕು. ಪೀಠಿಕೆಯಲ್ಲಿ ತಂದೆಯ ಸಾವು ಹಾಗೂ 1981ರ ಪೋಲೆಂಡ್, ಇವೆರಡರ ಬಗ್ಗೆ ಮಾತ್ರ ಹೇಳುತ್ತೇನೆ. ಕವಲುಗಳು ಎಷ್ಟು ಎಂಬುದನ್ನು ಹೇಳುವುದಿಲ್ಲ. ನಳ, ದ್ಯೂತ, ಬಜ್ಪೆಯ ವಿಚಾರಗಳನ್ನು ಚರ್ಚೆಯ ಹೊತ್ತಿಗೆ ತೆಗೆಯುತ್ತೇನೆ. ತಾಳಮದ್ದಳೆಯ ಶ್ರೋತೃಗಳು ಅಂದು ಮಣಿಪಾಲಕ್ಕೆ ಬರುವುದು ಸಾಧ್ಯವಾದರೆ, ಅವರ ಭಾಗವನ್ನು ಅವರೇ ಹೇಳುವುದು ಉಚಿತ. ದಿನಾಂಕವನ್ನು ಇಲ್ಲಿಯೇ ತಿಳಿಸುತ್ತೇನೆ.